ಗೂಳಪ್ಪ ಮಾಸ್ತರರ ಹನ್ನೆರಡು ಸಾವಿರ ಕೊನೆಯ ಮಾತುಗಳು

ಉರಿಗಣ್ಣೇಶ್ವರ ನಾಟ್ಯ ಸಂಘ, ಕೊಪ್ಪಳ ಕ್ಯಾಂಪ್
ಫೆಬ್ರವರಿ ಮೂವತ್ತು, ೨೩೧೪

ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ ಉಸಿರಾಡುತ್ತಿರುವ ಪರಮಪೂಜ್ಯ ಪೂರ್ವಜರಿಗೆ ಸಾವಂತ್ರಿಯ ಸಾಷ್ಟಾಂಗ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿ ನೂರು ವರ್ಷವಾಯಿತು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಅದನ್ನು ನಿಮ್ಮ ಕಾಲದ ಪತ್ರಗಳಿಂದ ಕಲಿತೆ. ಉಳಿದುಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಕರೆಂಟ್ ಹೋದ ಬಗ್ಗೆ ಬರೆದ ದೂರುಗಳು.

ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಹೊಲ ಮಾರಬೇಡ ಎಂದು ಮುತ್ತಜ್ಜನಿಗೆ ಹೇಳಲು ಜನ ಇದನ್ನು ಬಳಸುತ್ತಾರೆ. ಮುತ್ತಜ್ಜ ಮಾರಿಯೇ ಮಾರುತ್ತಾನೆ. ನಾನು ಇಪ್ಪತ್ತೆರಡನೆಯ ವಯಸ್ಸಿಗೇ ನನ್ನ ಪಾಲಿನದನ್ನು ನಮ್ಮ ಗೂಳಪ್ಪ ಮಾಸ್ತರರಿಗಾಗಿ ಖರ್ಚು ಮಾಡುತ್ತಿದ್ದೇನೆ.

ಮಾಸ್ತರರು ಐವತ್ತೇಳು ವರ್ಷಗಳಿಂದ ಈ ಕಂಪನಿಯ ನಿರ್ದೇಶಕರು. ನಾನು ಅವರ ರಾಜ: ಮೀಸೆ ಅಂಟಿಸಿಕೊಂಡು ಯುದ್ಧಕ್ಕೆ ಹೋಗುವುದು ನನ್ನ ಉದ್ಯೋಗ, ಮಂತ್ರಿಯ ತಲೆಗೆ ಪೇಟವನ್ನು ಗೋಂದು ಹಾಕಿ ಅಂಟಿಸುವುದು ಹವ್ಯಾಸ. ಬೇರೆ ಊರುಗಳಲ್ಲಿ ಈಗ ಬೆಳಕುಗೊಂಬೆಗಳೇ ನಾಟಕವಾಡುತ್ತವೆ. ಬರೀ ಬೆಳಕಿನಿಂದ ಮಾಡಿದ ಈ ನಟರು ಬೆವರುವುದಿಲ್ಲ, ತಡವರಿಸುವುದಿಲ್ಲ, ಚಹಾ ಕೇಳುವುದಿಲ್ಲ. ಮನುಷ್ಯರು ಆಡುವ ಕಂಪನಿ ನಮ್ಮದೊಂದೇ. ಮುಂದಿನ ಸಾಲಿನವರಿಗೆ ಟಿಕೆಟಿನ ಜೊತೆ ಕೊಡೆ ಕೊಡುತ್ತೇವೆ, ಏಕೆಂದರೆ ಖಳನಾಯಕರು ಆವೇಶದಲ್ಲಿ ಉಗುಳು ಹಾರಿಸುತ್ತಾರೆ. ಜನ ಕೊಡೆ ಬಿಚ್ಚುವುದೇ ಇಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ನಾಟಕದ ಕೊನೆಯ ಮಾತು ಪುಸ್ತಕದಲ್ಲಿರುವುದಿಲ್ಲ. ಮೂರನೆಯ ಗಂಟೆ ಬಾರಿಸುವ ಮೊದಲು ಮಾಸ್ತರರು ಬಂದು ಅದನ್ನು ನಟರ ಕಿವಿಯಲ್ಲಿ ಉಸುರುತ್ತಾರೆ. ಪ್ರತಿ ಆಟಕ್ಕೂ ಬೇರೆ. ನಿಮ್ಮ ಕಾಲದಲ್ಲಿ ಕಂಪನಿ ಕಟ್ಟಿದ ಮೊದಲನೆಯ ಮಾಸ್ತರರು ಇಂಥ ಹನ್ನೆರಡು ಸಾವಿರ ಮಾತು ಕಟ್ಟಿಟ್ಟಿದ್ದಾರೆಂದೂ, ಅವು ಕಿವಿಯಿಂದ ಕಿವಿಗೆ ಇಳಿದುಬಂದಿವೆಯೆಂದೂ ನಮಗೆಲ್ಲ ಕಲಿಸಲಾಗಿದೆ.

ಹೋದ ತಿಂಗಳು ನಾನು ಇಪ್ಪತ್ತು ವರ್ಷದ ಯುದ್ಧ ಮುಗಿಸಿ ಮನೆಗೆ ಮರಳುವ ರಾಜ. ಮಾಸ್ತರರು ಬಂದು ಕಿವಿಯಲ್ಲಿ, "ಒಲಿ ಮ್ಯಾಲ ಹಾಲ ಇಟ್ಟೀನಿ, ಉಕ್ಕೀತು ನೋಡು" ಎಂದರು. ನಾನು ಮೀಸೆಯನ್ನು ತಲೆಕೆಳಗಾಗಿ ಅಂಟಿಸಿಕೊಂಡಿದ್ದಕ್ಕೆ ಸೇಡು ಎಂದುಕೊಂಡೆ. ಬಿಡುವವಳೇ? ಕಿರೀಟ ಕಳಚಿ, ಹೊಸ್ತಿಲ ಮೇಲೆ ನಿಂತು, ಪೂರ್ತಿ ಗಂಭೀರವಾಗಿ ಅದನ್ನೇ ಹೇಳಿದೆ. ಡೇರೆಗೆ ಡೇರೆಯೇ ಅತ್ತಿತು. ಪರದೆ ಬಿದ್ದ ಮೇಲೆ ಮಾಸ್ತರರು ಹತ್ತಿರ ಬಂದು, "ಭಾಳ ಚಲೋ ಐತವ್ವಾ ಆ ಮಾತು. ಯಾರ ಬರದಾರ?" ಎಂದು ಕೇಳಿದರು.

ಅವರು ತಮಾಷೆ ಮಾಡುತ್ತಿರಲಿಲ್ಲ. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಈ ಸಂಜೆಯ ಆಟಕ್ಕೆ, ನಾಟಕ ಕಂಪನಿಗಳಿಗೆ ಪರವಾನಗಿ ಕೊಡುವ ರಂಗಮಂಡಲಿಯ ಪರೀಕ್ಷಕರು ಬರುತ್ತಾರೆ. ಪಕ್ಕದ ಪರದೆಯ ಹಿಂದೆ ಕೂತು, ಮಾಸ್ತರರು ಉಸುರುವುದನ್ನು ತಮ್ಮ ಕಿವಿಯಿಂದಲೇ ಕೇಳುತ್ತಾರೆ. ಮಾಸ್ತರರು ಮಾತು ಮರೆತರೆ ನಾಳೆಯಿಂದ ಡೇರೆ ಬೆಳಕುಗೊಂಬೆಗಳ ಪಾಲು, ಮಾಸ್ತರರು ವಿಶ್ರಾಂತಿಧಾಮದ ಪಾಲು. ಆದ್ದರಿಂದ, ಪೂರ್ವಜರೇ, ಒಂದು ಬೇಡಿಕೆ. ನಮ್ಮ ಮೊದಲ ಮಾಸ್ತರರು ಈಗ ನಿಮ್ಮ ನಡುವೆಯೇ ಇದ್ದಾರೆ. ಹೋಗಿ ನಾಟಕ ನೋಡಿ, ನಾಲ್ಕೇ ನಾಲ್ಕು ಕೊನೆಯ ಮಾತು ಬರೆದು ಹಾರ್ಮೋನಿಯಂ ಮುಚ್ಚಳದ ಒಳಗೆ ಅಂಟಿಸಿ. ಅದೇ ಹಾರ್ಮೋನಿಯಂ ಇನ್ನೂ ನಮ್ಮಲ್ಲಿದೆ. ಬೆಳಿಗ್ಗೆಯಿಂದ ಆರು ಸಲ ಮುಚ್ಚಳ ತೆಗೆದು ನೋಡಿದೆ. ಏನೂ ಇಲ್ಲ. ಇಷ್ಟು ಸೋಮಾರಿಗಳೇ ನೀವು?

ಇಲ್ಲಿಯವರೆಗೆ ಬರೆದಾಗ ಹಿಂದೆ ಯಾರೋ ಕೆಮ್ಮಿದರು. ಮಾಸ್ತರರು.

"ಯಾರಿಗವ್ವಾ ಬರ್ಯಾಕತ್ತೀ?"

"ಸತ್ತವರಿಗ್ರೀ, ಮಾಸ್ತರ."

ಕಾಗದ ಕಸಿದುಕೊಂಡು ಓದಿದರು. ಬೈಯಲಿಲ್ಲ, ನನ್ನ ಬಣ್ಣದ ಪೆಟ್ಟಿಗೆಯ ಮೇಲೆ ಕೂತರು. "ಹನ್ನೆರಡು ಸಾವಿರಾನೂ ಇಲ್ಲ, ಹನ್ನೆರಡೂ ಇಲ್ಲ. ಹಿಂದಿನ ಮಾಸ್ತರು ನನ್ನ ಕಿವಿಯಾಗ ಏನೂ ಹೇಳದನ ಹೋದ್ರು. ಐವತ್ತೇಳು ವರ್ಷ ದಿನಾ ಒಂದೊಂದು ನಾನ ಕಟ್ಟೀನಿ. ಈಗ ಕಟ್ಟಾಕ ಆಗವಲ್ದು. ಕಟ್ಟಿದ್ದೂ ನೆನಪ ಉಳೀವಲ್ದು."

ನಾನು ಅವರ ಕೈಯಿಂದ ಕಾಗದ ವಾಪಸ್ ತೆಗೆದುಕೊಂಡೆ.

"ಇವತ್ತ ನೀ ನನಗ ಹೇಳು," ಎಂದರು ಮಾಸ್ತರರು. "ಎರಡನೇ ಗಂಟಿಗೆ ಹೇಳು, ಮೂರನೇದರ ತನಕ ಮರಿಯಂಗಿಲ್ಲ. ಅದನ್ನ ನಾ ಆ ಪರೀಕ್ಷಕನ ಮುಂದ ನಿನ್ನ ಕಿವಿಗೆ ಹೇಳ್ತೀನಿ."

ಆದ್ದರಿಂದ ಮೇಲಿನ ಬೇಡಿಕೆ ರದ್ದು. ನಾಟಕ ನೋಡಿ, ಅಳಬೇಕೆನಿಸಿದರೆ ಅಳಿ, ಮನೆಗೆ ಹೋಗಿ. ದಯವಿಟ್ಟು ಒಂದಕ್ಷರವನ್ನೂ ಬರೆದಿಡಬೇಡಿ. ಐವತ್ತೇಳು ವರ್ಷ ಒಬ್ಬ ಮನುಷ್ಯ ಕಟ್ಟಿದ್ದನ್ನು ನಾಳೆ ಯಾರಾದರೂ ನಿಮ್ಮ ಚೀಟಿಯ ಪಕ್ಕದಲ್ಲಿಟ್ಟು ಸುಳ್ಳೆನ್ನಬಾರದು.

ಮೊದಲನೆಯ ಗಂಟೆ ಆಯಿತು. ಪರೀಕ್ಷಕರು ಕುರ್ಚಿ ಎಳೆಯುವ ಸದ್ದು ಕೇಳುತ್ತಿದೆ. ಮಾಸ್ತರರು ನನ್ನ ಕಡೆಗೆ ಕಿವಿ ಬಾಗಿಸಿ ನಿಂತಿದ್ದಾರೆ, ನನ್ನ ಹತ್ತಿರ ಇನ್ನೂ ಒಂದು ಪದವೂ ಇಲ್ಲ.