ಏಳನೆಯ ರಾತ್ರಿಗೆ ಒಂದು ಕುರ್ಚಿ

ದೆಯೊಲಿಂಡಾ ಮಗಳೇ,

ಆಫೀಸು ಗುಡಿಸುವ ಕೆಲಸಕ್ಕೆ ಹೊರಟೆ. ಮಗು ಮಲಗಿದೆ. ಒಲೆಯ ಮೇಲೆ ಜೋಳದ ಗಂಜಿ ಇದೆ, ಹಸಿದುಕೊಂಡಿರಬೇಡ.

ಮಗು ಹುಟ್ಟಿ ಇವತ್ತಿಗೆ ಏಳನೆಯ ರಾತ್ರಿ. ನಮ್ಮ ದ್ವೀಪದಲ್ಲಾಗಿದ್ದರೆ ಮಾಟಗಾತಿ ಸುಳಿಯದಂತೆ ಕೇರಿಯವರೆಲ್ಲ ತೊಟ್ಟಿಲ ಸುತ್ತ ಹಾಡುತ್ತ ಬೆಳಗು ಮಾಡುತ್ತಿದ್ದರು. ಈ ಲಿಸ್ಬನ್ನಿನಲ್ಲಿ, ಬಂದವರಿಗೆ ಬಡಿಸಲು ಏನಿದೆ, ಯಾರನ್ನೂ ಕರೆಯಬೇಡ ಎಂದೆ ನೀನು. ಗಂಡಸು ಬಿಟ್ಟುಹೋದ ಮನೆ ಎಂದು ನಿನಗೆ ನಾಚಿಕೆ.

ಕೆಳಮನೆಗೆ ಹೊಸದಾಗಿ ಬಂದ ಶಿಕಾ ಮೆಟ್ಟಿಲಲ್ಲಿ ಸಿಕ್ಕಿದ್ದಳು. "ಏನಜ್ಜಿ, ನಿಮ್ ಮೇಲ್ಗಡೆಯೋಳು ರಾತ್ರಿಯೆಲ್ಲ ಜೋಗುಳ ಹಾಡ್ತಾಳಲ್ಲ, ಅವ್ಳಿಗೆ ನಿದ್ದೇನೇ ಬರಲ್ವಾ?" ಎಂದು ನಕ್ಕಳು. ಆ ಮನೆಯ ಬಾಗಿಲಿಗೆ ನಗರಸಭೆಯವರು ಇಟ್ಟಿಗೆ ಕಟ್ಟಿ ಮುಚ್ಚಿದ್ದು ಅವಳಿಗೆ ಗೊತ್ತಿಲ್ಲ. ಅಲ್ಲಿದ್ದ ಬಿಬಿಯಾನಾ ಒಬ್ಬಳೇ ಹೆತ್ತಳು, ಒಬ್ಬಳೇ ಕಾದಳು. ಏಳನೆಯ ರಾತ್ರಿ ಅವಳಿಗೆ ಜೊಂಪು ಹತ್ತಿದಾಗ ಕೂಸು ತೀರಿಹೋಯಿತು. ವರ್ಷ ತುಂಬುವುದರೊಳಗೆ ಅವಳೂ ಹೋದಳು.

ನಿನ್ನನ್ನು ಕೇಳದೆ ಶಿಕಾಳನ್ನು ರಾತ್ರಿಗೆ ಕರೆದಿದ್ದೇನೆ. ಬೈದುಕೋ, ಆದರೆ ಬೇಡ ಅನ್ನಬೇಡ. ದೀಪ ಆರಿಸಬೇಡ.

ತೊಟ್ಟಿಲ ಪಕ್ಕ ಇನ್ನೊಂದು ಕುರ್ಚಿ ಹಾಕು. ಅದರಲ್ಲಿ ಯಾರೋ ಕೂತಂತೆ ಸದ್ದಾದರೆ ಕಿರುಚಬೇಡ. ಕೂರಲು ಜಾಗ ಕೊಟ್ಟರೆ ಬಿಬಿಯಾನಾ ನಮ್ಮ ಜೊತೆ ಮಗುವನ್ನು ಕಾಯುತ್ತಾಳೆ. ಹೊರಗೆ ನಿಲ್ಲಿಸಿದರೆ ಏನು ಮಾಡುತ್ತಾಳೋ ನನಗೆ ತಿಳಿಯದು.

ಅಮ್ಮ