ಹುಟ್ಟುವ ಮೊದಲೇ ತೊಟ್ಟಿಲು ತಂದ ಇಲಾಖೆಗೆ

ತಾಯಂದಿರ ನೋಂದಣಿ ಜಾಲತಾಣ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಈಗ ಸಂಜೆ ಆರೂವರೆ. ಬೆಳಿಗ್ಗೆ ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಯ ನಿಮ್ಮ ಕಚೇರಿಗೆ ಬಂದಿದ್ದೆ. ಕೆಲಸವಾಗದೆ ಮರಳಿ, ಅನ್ನಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ನನ್ನ ಮಗಳು ಸಹನಾಳ ಗರ್ಭ ಆರನೇ ತಿಂಗಳಲ್ಲಿ ಹೋಯಿತು. ನಿಮ್ಮ ಜಾಲತಾಣ ಮಾತ್ರ ಅದನ್ನು ಇನ್ನೂ ಬೆಳೆಸುತ್ತಲೇ ಇದೆ. ಮೊನ್ನೆ, ಎಂಟನೇ ತಿಂಗಳಿಗೆ ಕಾಲಿಟ್ಟ ತಾಯಿಗೆ ಶುಭಾಶಯಗಳು ಎಂಬ ಸಂದೇಶ ಬಂತು. ಅದನ್ನು ನಿಲ್ಲಿಸಬೇಕಾದರೆ ಮಗಳು ನಿಮ್ಮ ತಾಣದ ಒಳಗೆ ಹೋಗಬೇಕು. ಒಳಗೆ ಹೋಗಬೇಕಾದರೆ ಫೋನಿನಲ್ಲಿ ಅವಳ ಬೆನ್ನು ಹತ್ತಿದ ವ್ಯಾಪಾರಿಗಳನ್ನೆಲ್ಲ ಬಿಟ್ಟುಕೊಳ್ಳಬೇಕು ಎನ್ನುವುದು ನಿಮ್ಮ ಷರತ್ತು. ಆ ಷರತ್ತಿನ ಮೇಲೆ ನನ್ನ ತಕರಾರು.

ನಮ್ಮಲ್ಲಿ ಕೂಸು ಹುಟ್ಟುವ ಮೊದಲು ತೊಟ್ಟಿಲನ್ನು ಹೊಸ್ತಿಲು ದಾಟಿಸುವುದಿಲ್ಲ. ಭಾನುವಳ್ಳಿಯ ನನ್ನ ತವರಿನಲ್ಲೂ ಹಾಗೆ, ನಂದಿಗುಡಿಯ ಬೀಗರಲ್ಲೂ ಹಾಗೆ. ಯಾವ ತೊಟ್ಟಿಲು ಒಳ್ಳೆಯದು ಎಂದು ನಾನು ಬಾಯಿಬಿಟ್ಟು ಕೇಳಿದವಳೂ ಅಲ್ಲ. ಸಹನಾ ನಿಮ್ಮಲ್ಲಿ ನೋಂದಾಯಿಸಿದ ವಾರದೊಳಗೆ ಅವಳ ಫೋನಿನಲ್ಲಿ ಜಾಹೀರಾತಿನ ತೊಟ್ಟಿಲುಗಳು ತೂಗತೊಡಗಿದವು. ಬೆತ್ತದವು, ಪ್ಲಾಸ್ಟಿಕ್ಕಿನವು, ತಾವೇ ಜೋಗುಳ ಹಾಡುವವು. ಆಗ ನಕ್ಕೆವು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮೇಲೂ ಅವು ನಿಲ್ಲಲಿಲ್ಲ. ಬಸ್ಸಿನ ವೇಳೆ ನೋಡಿದರೂ ತೊಟ್ಟಿಲು, ಹವಾಮಾನ ನೋಡಿದರೂ ತೊಟ್ಟಿಲು. ಬೀಗರ ಹೊರತು ಯಾರಿಗೂ ಹೇಳದ ಬಸುರಿನ ಸುದ್ದಿಯನ್ನು ದೇಶದ ತೊಟ್ಟಿಲು ವ್ಯಾಪಾರಿಗಳಿಗೆಲ್ಲ ವಾರದಲ್ಲಿ ಮುಟ್ಟಿಸಿದ ಇಲಾಖೆಗೆ, ಕೂಸು ಇಲ್ಲ ಎಂಬ ಸುದ್ದಿ ಇನ್ನೂ ಮುಟ್ಟಿಲ್ಲವೆಂದರೆ ಈ ಚುರುಕನ್ನು ಏನೆಂದು ಹೊಗಳಲಿ?

ಸಹನಾ ದಾವಣಗೆರೆಯ ಪಿ.ಜೆ. ಬಡಾವಣೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಜೊತೆಗೆ ಕೆಲಸ ಮಾಡುವ ಮುಸರತ್ ಅವಳನ್ನು ನೋಡಲು ಬಂದಾಗ ನಾನು ಅಡುಗೆಮನೆಗೆ ಕರೆದು ಈ ಕಾಟ ಹೇಳಿದೆ. ಬ್ರೌಸರ್ ಬದಲಿಸಬೇಕು ಎಂದಳು. ಅದು ನಾವು ಇಂಟರ್ನೆಟ್ಟಿಗೆ ಹೋಗಿಬರುವ ಬಾಗಿಲಂತೆ. ಫೋನಿನ ಜೊತೆಗೇ ಬಂದ ಬಾಗಿಲು, ಎಲ್ಲಿಗೆ ಹೋದೆವು ಎಂಬುದನ್ನು ಕಂಡಕಂಡವರಿಗೆ ಹೇಳುತ್ತದಂತೆ. ಅದರಲ್ಲೇ 'ಖಾಸಗಿ' ಎಂಬ ಕಪ್ಪು ಕಿಟಕಿ ಇದೆಯಲ್ಲ, ಅದು ಸಾಲದೇ ಎಂದೆ.

“ಅದು ಬರೀ ಹೆಸರಿಗೆ ಆಂಟಿ. ಮನೇಲಿರೋರಿಗೆ ಕಾಣಂಗಿಲ್ಲ ಅಷ್ಟೇ. ಹೊರಗಿನೋರಿಗೆ ಎಲ್ಲಾ ಕಾಣ್ತೈತೆ.”

ಹೆತ್ತವಳಿಂದ ಮುಚ್ಚಿಟ್ಟು ಊರಿಗೆಲ್ಲ ತೋರಿಸುವುದಕ್ಕೆ ಖಾಸಗಿ ಎಂದು ಹೆಸರಿಟ್ಟವರು ಯಾರೋ, ನಿಮ್ಮ ಕಚೇರಿಯಲ್ಲೇ ತರಬೇತಿ ಪಡೆದಿರಬೇಕು.

ಮೂರು ಬ್ರೌಸರ್ ಇಳಿಸಿಕೊಂಡು ನೋಡಿದೆವು. ಒಂದು ಎಷ್ಟು ಗುಟ್ಟಿನದೆಂದರೆ, ಪುಟ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಇನ್ನೊಂದು, ನಿಮ್ಮ ಗುಟ್ಟು ಕಾಯುತ್ತೇನೆ, ಮೊದಲು ಹೆಸರು, ಇಮೇಲ್ ಕೊಡಿ ಎಂದಿತು. ಸಹನಾ ಅದನ್ನು ಅಳಿಸಿಬಿಟ್ಟಳು. ಮೂರನೆಯದು ಏನೂ ಕೇಳಲಿಲ್ಲ. ಹಿಂಬಾಲಿಸುವವರನ್ನು ತಡೆದು, ಎಷ್ಟು ಮಂದಿ ಎಂದು ಮೂಲೆಯಲ್ಲಿ ತೋರಿಸಿತು. ಮುಚ್ಚಿದೊಡನೆ ಎಲ್ಲ ಒರೆಸಿ ಹಾಕಿತು. “ಇದೇ ಇರ್ಲಿ ಬಿಡವ್ವ” ಎಂದಳು ಸಹನಾ. ತೊಟ್ಟಿಲುಗಳು ನಿಂತವು. ಅವತ್ತು ಮಗಳು ಎರಡು ತುತ್ತು ಹೆಚ್ಚು ಉಂಡಳು.

ಆ ಬ್ರೌಸರಿನಲ್ಲಿ ನಿಮ್ಮ ತಾಣ ತೆರೆದೆವು. ಮೂಲೆಯಲ್ಲಿ ಹತ್ತೊಂಬತ್ತು ಎಂದು ಬಂತು. ಸೀರೆ ಮಾರುವ ತಾಣದಲ್ಲೂ ಅಷ್ಟು ಮಂದಿ ಇರಲಿಲ್ಲ. ಬಸುರಿಯರು ಹೆಸರು ಬರೆಸುವ ಜಾಗದಲ್ಲಿ ಇವರಿಗೆಲ್ಲ ಏನು ಕೆಲಸ, ಮಾನ್ಯರೇ? ಅದರ ಕೆಳಗೆ ನಿಮ್ಮ ಕೆಂಪು ಅಕ್ಷರ: 'ನಿಮ್ಮ ಬ್ರೌಸರ್ ಸುರಕ್ಷಿತವಲ್ಲ. ರಕ್ಷಣೆಯನ್ನು ತೆಗೆದು ಮುಂದುವರಿಯಿರಿ.' ಬೀಗ ತೆಗೆದರೆ ಮನೆ ಭದ್ರ ಎಂಬ ಈ ಹೊಸ ಜ್ಞಾನ ನನ್ನ ಏಳನೇ ಕ್ಲಾಸಿನ ಓದಿಗೆ ನಿಲುಕಲಿಲ್ಲ.

ಅದಕ್ಕೇ ಇವತ್ತು ಮುಸರತ್‌ಳನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಸಿಬ್ಬಂದಿ, ಹಳೇ ಬ್ರೌಸರಿನಲ್ಲೇ ತೆಗೆಯಿರಿ ಎಂದರು. ಆಗುವುದಿಲ್ಲ ಎಂದೆ.

“ಮುಚ್ಚಿಡೋ ಅಂಥದ್ದು ಏನೈತ್ರೀ ಅಮ್ಮಾ?”

ಅವರ ಕಂಪ್ಯೂಟರಿನ ಪರದೆಗೆ ಕಪ್ಪು ಹಾಳೆ ಹಾಕಿತ್ತು. ಪಕ್ಕದಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಇದು ಯಾಕ್ರೀ ಎಂದು ಕೇಳಿದೆ.

“ಸೈಡಿಗೆ ನಿಂತೋರು ನೋಡಬಾರ್ದಲ್ರೀ” ಎಂದರು.

ಮುಸರತ್ ಮೆಟ್ಟಿಲು ಇಳಿಯುವವರೆಗೂ ನಕ್ಕಳು. ನನಗೆ ನಗು ಬರಲಿಲ್ಲ.

ನನಗೆ ಬೇಕಾದದ್ದು ಎರಡೇ. ಸಹನಾಳ ಹೆಸರನ್ನು ನಿಮ್ಮ ಬಸುರಿಯರ ಸಾಲಿನಿಂದ ನೀವೇ ತೆಗೆಯಿರಿ, ಅವಳ ಕೈಯಿಂದ ಆ ಕೆಲಸ ಮಾಡಿಸಬೇಡಿ. ಆ ಹತ್ತೊಂಬತ್ತು ಮಂದಿಯನ್ನು ನಿಮ್ಮ ತಾಣದಿಂದ ಹೊರಗೆ ಹಾಕಿ. ಹಾಕಲು ಆಗದಿದ್ದರೆ ಅವರನ್ನು ಒಳಗೆ ಬಿಟ್ಟವರು ಯಾರು, ಯಾಕೆ ಬಿಟ್ಟರು ಎಂದು ಬಾಗಿಲಲ್ಲೇ ಬರೆದು ಹಾಕಿ. ಓದಿದ ಮೇಲೆ ಒಳಗೆ ಬರಬೇಕೋ ಬೇಡವೋ ಎಂದು ಹೆಣ್ಣುಮಕ್ಕಳು ತಾವೇ ತೀರ್ಮಾನಿಸುತ್ತಾರೆ.

ನಾಳೆ ಸಹನಾ ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ಫೋನೂ ಅವಳ ಜೊತೆಗೇ ಹೋಗುತ್ತದೆ.

ಇಂತಿ,
ನಿಮ್ಮ ಕಡತದಲ್ಲಿ ಮಾತ್ರ ಅಜ್ಜಿಯಾಗಲಿರುವ
ಮರುಳಸಿದ್ದಮ್ಮ, ಹರಿಹರ