ಮುಡಿ ಕೊಟ್ಟ ಮ್ಯಾಲೆ

೧೮ ಫೆಬ್ರವರಿ, ಬುಧವಾರ. ಧನಕವಡಿ.

ಇವತ್ತೂ ಫೋನು ನನ್ನ ಮಾರಿ ಗುರುತು ಹಿಡೀಲಿಲ್ಲ. ರವಿವಾರ ಜೇಜುರಿ ಗುಡಿಯೊಳಗ ಮುಡಿ ಕೊಟ್ಟೆ, ಮೀಸಿನೂ ಹೋತು. ಮರುದಿನ ನಾನು ಕೆಲಸ ಮಾಡೋ ಡೆಲಿವರಿ ಆ್ಯಪು ಸೆಲ್ಫಿ ಕೇಳ್ತು, ‘ಇದು ನೀವಲ್ಲ’ ಅಂತ ಐಡಿ ಬಂದ್ ಮಾಡ್ತು. ಕಂಪನಿಗೆ ಬರೆದರ ಮಷೀನೇ ಉತ್ತರ ಕೊಡ್ತದ, ಮನುಷ್ಯಾರು ಯಾರೂ ಸಿಗೂದಿಲ್ಲ. ಇನ್ನೊಮ್ಮೆ ತಪ್ಪಿದರ ಐಡಿ ಕಾಯಂ ಹೋಗ್ತದಂತ. ಮತ್ತ ಫೋಟೊ ತೆಗೀಲಿಕ್ಕೆ ಹೋಗಿ ಫೋನು ಕಿಸೆದಾಗ ಇಟ್ಟೆ. ಕೂದಲು ಬರೋತನಕ ಕಾಯಬೇಕೋ ಏನೋ.

ನಾನು ಗಾಡಿಯಿಂದ ಬೀಳಬಾರದು ಅಂತ ಹರಕಿ ಹೊತ್ತಾಕಿ ಅವ್ವ. ಅಕಿಗೆ ಏನೂ ಹೇಳಿಲ್ಲ. ಮುಂಜಾನೆ ಕಂಪನಿ ಟೀ ಶರ್ಟ್ ಹಾಕ್ಕೊಂಡು ಹೋಗಿ ಕಾತ್ರಜ ಕೆರಿ ಹತ್ರ ಕೂಡ್ತೀನಿ.

ಇವತ್ತು ಊಟಕ್ಕ ಬಡಿಸ್ತಾ ನನ್ನ ಬೋಳು ತಲಿ ಸವರಿ ಅಂದ್ಲು, ‘ಹರಕಿ ತೀರಿದ ಮ್ಯಾಲೆ ನನ್ನ ಎದಿ ಹಗುರಾತು ನೋಡಪಾ.’

ಇನ್ನೊಂದು ರೊಟ್ಟಿ ಹಾಕು ಅಂದೆ.